ನಿಂತುಹೋದ ಕ್ಯಾಮೆರಾ, ಕೊಂಡವರ ಲೆಕ್ಕ

ಕ್ಯಾಮೆರಾ ಬಗ್ಗೆ ಇಲ್ಲಿ ಬರೆಯದೆ ತುಂಬಾ ದಿನ ಆಯ್ತು. ಇತ್ತೀಚೆಗೆ ಗೆಳೆಯರಿಂದ, ನೆಂಟರಿಂದ ಪದೇ ಪದೇ ಒಂದೇ ಪ್ರಶ್ನೆ ಬರ್ತಾ ಇದೆ. "ಕ್ಯಾನನ್ ಎಂ50 ಸೆಕೆಂಡ್ ಹ್ಯಾಂಡ್‌ನಲ್ಲಿ ಕಡಿಮೆಗೆ ಸಿಗ್ತಾ ಇದೆ, ತಗೋಬಹುದಾ? ಆ ಸಿಸ್ಟಮ್ ಸತ್ತುಹೋಗಿದೆ ಅಂತಾರಲ್ಲ?" ಒಬ್ಬೊಬ್ಬರಿಗೂ ಫೋನಿನಲ್ಲಿ ಹೇಳಿ ಹೇಳಿ ಬಾಯಿ ನೋವು ಬಂತು. ಎಲ್ಲರಿಗೂ ಸೇರಿಸಿ ಇಲ್ಲೇ ಬರೆದುಬಿಡೋಣ ಅಂತ ಕೂತಿದ್ದೇನೆ. ಸ್ವಲ್ಪ ಉದ್ದ ಆಗಬಹುದು, ಕಾಫಿ ಜೊತೆಗಿಟ್ಟುಕೊಳ್ಳಿ :)

ಕಥೆ ಗೊತ್ತಿಲ್ಲದವರಿಗೆ ಮೊದಲು ಚುಟುಕಾಗಿ ಹೇಳ್ತೀನಿ. 2012ರ ಜುಲೈನಲ್ಲಿ ಕ್ಯಾನನ್ ತನ್ನ ಮೊದಲ ಮಿರರ್‌ಲೆಸ್ ಕ್ಯಾಮೆರಾ ತಂದಿತು. ಹೆಸರು ಇಓಎಸ್ ಎಂ. ಡಿಎಸ್‌ಎಲ್‌ಆರ್ ಒಳಗೆ ಇರುತ್ತಲ್ಲ ಕನ್ನಡಿ, ಅದನ್ನು ತೆಗೆದುಹಾಕಿದರೆ ಕ್ಯಾಮೆರಾ ತೆಳ್ಳಗೆ ಮಾಡಬಹುದು. ಆದರೆ ಸೆನ್ಸರ್ ಮಾತ್ರ ಅವರ ಚಿಕ್ಕ ಡಿಎಸ್‌ಎಲ್‌ಆರ್‌ಗಳಲ್ಲಿ ಇದ್ದಷ್ಟೇ ದೊಡ್ಡದು, ಎಪಿಎಸ್-ಸಿ ಅಳತೆಯದ್ದು. ಬ್ಯಾಟರಿ, ಕಾರ್ಡ್ ಸೇರಿ ತೂಕ 300 ಗ್ರಾಂ ಮುಟ್ಟುತ್ತಿರಲಿಲ್ಲ. ಜೊತೆಗೆ ಬಂದ 22 ಮಿಮೀ ಲೆನ್ಸಿನ ತೂಕ 105 ಗ್ರಾಂ. ಎರಡನ್ನೂ ಸೇರಿಸಿ ಜಾಕೆಟ್ ಜೇಬಿಗೆ ಹಾಕಿಕೊಂಡು ಓಡಾಡಬಹುದಿತ್ತು. ಫೋಕಸ್ ಮಾತ್ರ ನಿಧಾನ ಅಂದರೆ ನಿಧಾನ. ಅಮೆರಿಕದಲ್ಲಿ ಆ ಲೆನ್ಸಿನ ಜೊತೆ ಸುಮಾರು 800 ಡಾಲರಿಗೆ ಶುರುವಾದದ್ದು ಮರುವರ್ಷ ಜುಲೈ ಹೊತ್ತಿಗೆ 300 ಡಾಲರಿನ ಆಸುಪಾಸಿಗೆ ಇಳಿದಿತ್ತು.

ಹಾಗಂತ ಅದು ಅಲ್ಲಿಗೇ ಮುಗಿಯಲಿಲ್ಲ. ಎಂ3, ಎಂ10, ಎಂ5, ಎಂ6 ಅಂತ ಬರುತ್ತಾ ಹೋಯಿತು. 2018ರ ಫೆಬ್ರವರಿಯಲ್ಲಿ ಬಂದ ಎಂ50 ನಿಜವಾಗಿ ಜನಪ್ರಿಯ ಆಯ್ತು. ಜಪಾನಿನಲ್ಲಿ ಅದಕ್ಕೆ ಕಿಸ್ ಎಂ ಅಂತ ಹೆಸರು. ಅಲ್ಲಿನ ಮಿರರ್‌ಲೆಸ್ ಮಾರಾಟದ ಪಟ್ಟಿಯಲ್ಲಿ ಅದು ಮೇಲಿನ ಸಾಲಿನಲ್ಲೇ ಇತ್ತು. ನಮ್ಮಲ್ಲೂ ಅಡುಗೆ ಚಾನೆಲ್ ಮಾಡುವವರು, ಊರು ಸುತ್ತುವವರು, ಸ್ಕ್ರೀನನ್ನು ತಮ್ಮ ಕಡೆಗೆ ತಿರುಗಿಸಿಕೊಂಡು ಮಾತಾಡುವವರು, ಎಲ್ಲರ ಕೈಯಲ್ಲೂ ಅದೇ. ಅಷ್ಟರಲ್ಲಿ ಅದೇ 2018ರ ಸೆಪ್ಟೆಂಬರಿನಲ್ಲಿ ಕ್ಯಾನನ್ ಇಓಎಸ್ ಆರ್ ಅಂತ ಇನ್ನೊಂದು ಮಿರರ್‌ಲೆಸ್ ತಂದಿತು, ಬೇರೆಯೇ ಮೌಂಟಿನ ಜೊತೆ. 2022ರ ಮೇ ತಿಂಗಳಲ್ಲಿ ಆರ್7, ಆರ್10 ಬಂದು ಎಪಿಎಸ್-ಸಿ ಸೆನ್ಸರ್ ಕೂಡ ಹೊಸ ಮೌಂಟಿಗೆ ಹೋಯ್ತು. 2023ರಲ್ಲಿ ಎಂ ಸರಣಿಯ ತಯಾರಿಕೆ ನಿಂತೇ ಹೋಯ್ತು. ಒಟ್ಟು ಹನ್ನೊಂದು ವರ್ಷದ ಆಯುಷ್ಯ.

ಕಥೆ ಇಷ್ಟೇ. ನನಗೆ ಹೇಳಬೇಕಾಗಿರುವುದು ಕೊಂಡವರು ಇದನ್ನು ಅರ್ಥ ಮಾಡಿಕೊಂಡಿರುವ ರೀತಿಯ ಬಗ್ಗೆ. ಒಂದು ಗುಂಪು "ನಿಂತುಹೋಯ್ತಂತೆ, ಇನ್ನು ಅದು ಡಬ್ಬಾ" ಅಂತ ಸಿಕ್ಕಿದ ಬೆಲೆಗೆ ಮಾರಿಬಿಡುತ್ತಿದೆ. ಇನ್ನೊಂದು ಗುಂಪು "ನಿಂತರೇನು, ಕ್ಯಾನನ್ ತಾನೇ, ಎಲ್ಲ ಸಿಗುತ್ತೆ ಬಿಡಿ" ಅಂತ ಕಣ್ಣು ಮುಚ್ಚಿ ಕೊಳ್ಳುತ್ತಿದೆ. ಎರಡೂ ತಪ್ಪು ಲೆಕ್ಕ ಅನ್ನೋದು ನನ್ನ ಅಭಿಪ್ರಾಯ.

ಲೆಕ್ಕ ಎಲ್ಲಿ ತಪ್ಪುತ್ತೆ ಅಂದರೆ, ನಾವು ಕೊಳ್ಳುವುದು ಕ್ಯಾಮೆರಾ ಅಂದುಕೊಂಡಿರುತ್ತೇವೆ. ಲೆನ್ಸ್ ಬದಲಾಯಿಸುವ ಕ್ಯಾಮೆರಾ ಕೊಂಡಾಗ ನಾವು ಕೊಳ್ಳುವುದು ಒಂದು ಮೌಂಟ್. ಮನೆಯ ಮಿಕ್ಸಿ ನೋಡಿ. ಒಂದು ಕಂಪನಿಯ ಜಾರು ಇನ್ನೊಂದರ ಮೇಲೆ ಕೂರುವುದಿಲ್ಲ. ಎಷ್ಟೋ ಸಲ ಅದೇ ಕಂಪನಿಯ ಹಳೇ ಮಾಡೆಲಿನ ಜಾರು ಹೊಸ ಮಾಡೆಲಿಗೂ ಕೂರುವುದಿಲ್ಲ. ಮಿಕ್ಸಿ ಕೊಳ್ಳುವಾಗ ಮೂರು ಜಾರೂ ಡಬ್ಬಿಯಲ್ಲೇ ಬಂದಿರುತ್ತೆ, ಆದ್ದರಿಂದ ಯಾರೂ ತಲೆ ಕೆಡಿಸಿಕೊಳ್ಳುವುದಿಲ್ಲ. ಕ್ಯಾಮೆರಾದಲ್ಲಿ ಹಾಗಲ್ಲ. ಒಂದು ಜಾರು ಕೊಟ್ಟು, ಉಳಿದದ್ದನ್ನು ಮುಂದೆ ನಿಧಾನಕ್ಕೆ ತಗೊಳ್ಳಿ ಅಂತಾರೆ. ಆ "ಮುಂದೆ" ಅನ್ನೋ ಪದಕ್ಕೂ ನಾವು ಇವತ್ತೇ ದುಡ್ಡು ಕೊಟ್ಟಿರುತ್ತೇವೆ. ಅದಕ್ಕೆ ಬಿಲ್ಲಿನಲ್ಲಿ ಬೇರೆ ಸಾಲು ಇರುವುದಿಲ್ಲ ಅಷ್ಟೇ. ತಯಾರಿಕೆ ನಿಂತಾಗ ಹೋಗುವುದು ಆ "ಮುಂದೆ" ಮಾತ್ರ. ಕೈಯಲ್ಲಿರುವ ಕ್ಯಾಮೆರಾ ಎಲ್ಲೂ ಹೋಗುವುದಿಲ್ಲ.

"ಅದೇ ಕಂಪನಿ ತಾನೇ, ಎಂ ಲೆನ್ಸನ್ನು ಆರ್ ಮೇಲೆ ಹಾಕೋಕೆ ಒಂದು ಅಡಾಪ್ಟರ್ ಬರಲ್ವಾ?" ಅಂತ ಬಹಳ ಜನ ಕೇಳ್ತಾರೆ. ಬರಲ್ಲ. ಯಾಕೆ ಅಂತ ಒಮ್ಮೆ ಅರ್ಥ ಆದರೆ ಅರ್ಧ ಗೊಂದಲ ಮುಗಿದ ಹಾಗೆ. ಲೆನ್ಸ್ ಕೂರುವ ಲೋಹದ ಬಳೆ ಇದೆಯಲ್ಲ, ಅಲ್ಲಿಂದ ಸೆನ್ಸರ್‌ವರೆಗಿನ ದೂರ ಪ್ರತಿ ಮೌಂಟಿಗೂ ಇಷ್ಟೇ ಅಂತ ನಿಗದಿಯಾಗಿರುತ್ತೆ. ಕ್ಯಾನನ್ ಡಿಎಸ್‌ಎಲ್‌ಆರ್‌ನ ಇಎಫ್ ಮೌಂಟಿನಲ್ಲಿ ಅದು 44 ಮಿಮೀ. ಎಂ ಸರಣಿಯ ಇಎಫ್-ಎಂ ಮೌಂಟಿನಲ್ಲಿ 18 ಮಿಮೀ. ಆರ್ ಸರಣಿಯ ಆರ್‌ಎಫ್ ಮೌಂಟಿನಲ್ಲಿ 20 ಮಿಮೀ.

ಈಗ ನೋಡಿ. 44ರ ಲೆನ್ಸನ್ನು 20ರ ಕ್ಯಾಮೆರಾ ಮೇಲೆ ಹಾಕಲು ನಡುವೆ 24 ಮಿಮೀ ಉದ್ದದ ಖಾಲಿ ಕೊಳವೆ ಇಟ್ಟರೆ ಸಾಕು. 18ರ ಎಂ ಮೇಲೆ ಹಾಕಲು 26 ಮಿಮೀ ಕೊಳವೆ. ಎರಡನ್ನೂ ಕ್ಯಾನನ್ ಮಾಡಿತು. ಆದರೆ 18ಕ್ಕೆ ಮಾಡಿದ ಲೆನ್ಸನ್ನು 20ರ ಕ್ಯಾಮೆರಾಗೆ ಹಾಕಬೇಕಾದರೆ ಅದು ಬಾಡಿಯ ಒಳಗೆ 2 ಮಿಮೀ ಇಳಿದು ಕೂರಬೇಕು. ಬಳೆಯ ಮೇಲೆಯೇ ಕೂರಿಸಿದರೆ ಕಣ್ಣ ಮುಂದಿನ ಹೂವು ಫೋಕಸ್ ಆದೀತು, ದೂರದ ಬೆಟ್ಟ ಆಗುವುದಿಲ್ಲ. ತಿರುಗಿಸಿ ನೋಡಿದರೂ ಅಷ್ಟೇ. ಆರ್‌ಎಫ್ ಲೆನ್ಸನ್ನು ಎಂ ಮೇಲೆ ಹಾಕಲು ಉಳಿಯುವ ಜಾಗ ಬರೀ 2 ಮಿಮೀ. ಅಷ್ಟರಲ್ಲಿ ಎರಡು ಕಡೆಯ ಬಳೆ, ವಿದ್ಯುತ್ ಸಂಪರ್ಕದ ಪಿನ್ನು ಎಲ್ಲ ಹಿಡಿಸುವುದಾದರೂ ಹೇಗೆ? ಎರಡು ಮಿಲಿಮೀಟರ್! ಎರಡು ಕ್ಯಾಮೆರಾಗಳ ಮೇಲೂ ಒಂದೇ ಕಂಪನಿಯ ಹೆಸರಿದ್ದರೂ ಒಂದರ ಲೆನ್ಸು ಇನ್ನೊಂದಕ್ಕೆ ಆಗದ ಹಾಗೆ ಮಾಡಿದ್ದು ಈ ಎರಡು ಮಿಲಿಮೀಟರ್.

ಇದು ಗೊತ್ತಿಲ್ಲದೆ ಪೆಟ್ಟು ತಿಂದ ಗೆಳೆಯ ಒಬ್ಬನಿದ್ದಾನೆ. ಶನಿವಾರ ಭಾನುವಾರ ನಾಮಕರಣ, ಸೀಮಂತ ಅಂತ ಫೋಟೋ ತೆಗೆಯುತ್ತಾನೆ. 2021ರಲ್ಲಿ ಎಂ50 ಮಾರ್ಕ್ 2 ಕೊಂಡ. ಅದರ ಜೊತೆ 11-22 ಲೆನ್ಸು, 32 ಮಿಮೀ ಎಫ್ 1.4 ಲೆನ್ಸು. ಒಂದು ವರ್ಷದ ಉಳಿತಾಯ ಅದು. "ಮುಂದೆ ದೊಡ್ಡ ಕ್ಯಾಮೆರಾಗೆ ಹೋದಾಗಲೂ ಈ ಲೆನ್ಸೇ ಉಪಯೋಗಕ್ಕೆ ಬರುತ್ತೆ ಸಾರ್" ಅಂತ ಅಂಗಡಿಯವರು ಹೇಳಿದ್ದನ್ನು ನಂಬಿದ. ಎರಡು ವರ್ಷ ಬಿಟ್ಟು ಆರ್ ಸರಣಿಯ ಕ್ಯಾಮೆರಾ ತರಲು ಹೋದಾಗ ಗೊತ್ತಾಯ್ತು, ಬರಲ್ಲ ಅಂತ. ಆ ಹೊತ್ತಿಗೆ ಲೆನ್ಸುಗಳ ಮರುಮಾರಾಟದ ಬೆಲೆಯೂ ಕುಸಿದಿತ್ತು. "ಗುರು, ಕ್ಯಾಮೆರಾ ಕೆಟ್ಟಿದ್ರೆ ಬೇಜಾರಿರಲಿಲ್ಲ. ಎಲ್ಲಾ ಚೆನ್ನಾಗಿದೆ, ಆದ್ರೂ ಲಾಸು" ಅಂದ. ಆ ಮಾತು ನನಗೆ ಬಹಳ ದಿನ ಕಾಡಿತು.

ಅವನದ್ದು ದಡ್ಡತನ ಅಂತ ನಾನು ಹೇಳಲಾರೆ. ಡಿಎಸ್‌ಎಲ್‌ಆರ್ ಕಾಲದ ಅನುಭವ ನಮಗೆ ಕಲಿಸಿದ್ದೇ ಹಾಗೆ. 1987ರಲ್ಲಿ ಶುರುವಾದ ಇಎಫ್ ಲೆನ್ಸು ಇವತ್ತಿನ ಆರ್ ಕ್ಯಾಮೆರಾ ಮೇಲೂ ಅಡಾಪ್ಟರ್ ಹಾಕಿದರೆ ಫೋಕಸ್ ಸಮೇತ ಕೆಲಸ ಮಾಡುತ್ತೆ. ಚಿಕ್ಕ ಡಿಎಸ್‌ಎಲ್‌ಆರ್‌ಗಳ ಇಎಫ್-ಎಸ್ ಲೆನ್ಸೂ ಮಾಡುತ್ತೆ. ಅಂದರೆ 2005ರಲ್ಲಿ ಕಿಟ್ ಲೆನ್ಸು ಕೊಂಡವನಿಗೆ ಸೇತುವೆ ಇದೆ, 2021ರಲ್ಲಿ ಕೊಂಡವನಿಗೆ ಇಲ್ಲ! ಸಾಮಾನ್ಯ ಗಿರಾಕಿ ಇದನ್ನು ತಾನಾಗಿ ಊಹಿಸಬೇಕು ಅಂತ ನಿರೀಕ್ಷಿಸುವುದು ನ್ಯಾಯವೇ?

ಹಾಗಾದರೆ ಒಂದು ಸಿಸ್ಟಮ್ ನಿಲ್ಲುತ್ತೆ ಅಂತ ಮೊದಲೇ ಗೊತ್ತಾಗೋದು ಹೇಗೆ? ಕಂಪನಿ ಹೇಳಲ್ಲ. ಮಾರಾಟದ ಪಟ್ಟಿಯೂ ಹೇಳಲ್ಲ. ಎಂ50 ಚೆನ್ನಾಗಿ ಮಾರಾಟ ಆಗುತ್ತಿದ್ದಾಗಲೇ ಅದರ ಸಿಸ್ಟಮ್ಮಿನ ಉಸಿರು ಕಡಿಮೆ ಆಗುತ್ತಿತ್ತು. ಹೊಸ ಬಾಡಿ ಬಂತು ಅನ್ನೋದೂ ಗುರುತಲ್ಲ. ನೋಡಬೇಕಾದ್ದು ಲೆನ್ಸುಗಳನ್ನು. ಹನ್ನೊಂದು ವರ್ಷದಲ್ಲಿ ಕ್ಯಾನನ್ ಎಂ ಸರಣಿಗೆ ಮಾಡಿದ ಲೆನ್ಸು ಒಟ್ಟು ಎಂಟು. ಹೌದು, ಎಂಟೇ. ಕೊನೆಯದ್ದು 32 ಮಿಮೀ ಎಫ್ 1.4. ಅದನ್ನು ಪ್ರಕಟಿಸಿದ್ದು ಯಾವಾಗ ಗೊತ್ತಾ? 2018ರ ಸೆಪ್ಟೆಂಬರ್ 5, ಇಓಎಸ್ ಆರ್ ಪ್ರಕಟವಾದ ಅದೇ ದಿನ. ಅದಾದ ಮೇಲೆ 2019ರಲ್ಲಿ ಎಂ6 ಮಾರ್ಕ್ 2 ಬಂತು, ಎಂ200 ಬಂತು, 2020ರಲ್ಲಿ ಎಂ50 ಮಾರ್ಕ್ 2 ಬಂತು. ಲೆನ್ಸು? ಒಂದೂ ಇಲ್ಲ. ಅದೇ ಹೊತ್ತಿನಲ್ಲಿ ಆರ್‌ಎಫ್ ಕಡೆಗೆ ಸಾಲುಸಾಲಾಗಿ ಬರುತ್ತಿದ್ದವು.

ನನ್ನ ಪ್ರಕಾರ ಸೂತ್ರ ಇಷ್ಟೇ. ಹೊಸ ಬಾಡಿ ಬಂದರೆ ಕಂಪನಿಗೆ ಇವತ್ತಿನ ವ್ಯಾಪಾರ ಬೇಕಿದೆ ಅಂತ ಅರ್ಥ. ಹೊಸ ಲೆನ್ಸು ಬಂದರೆ ಮಾತ್ರ ನಾಳೆಯೂ ಇರುತ್ತೇನೆ ಅಂತ ಅರ್ಥ. ಬಾಡಿಗೆ ಇದ್ದ ಸೆನ್ಸರನ್ನೇ, ಇದ್ದ ಚಿಪ್ಪನ್ನೇ ಹೊಸ ಚಿಪ್ಪಿನಲ್ಲಿಟ್ಟು ಕೊಡಬಹುದು. ಲೆನ್ಸು ಹಾಗಲ್ಲ. ಗಾಜಿನ ವಿನ್ಯಾಸ, ಅಚ್ಚು, ತಯಾರಿಕೆಯ ಸಾಲು ಎಲ್ಲ ಹೊಸದಾಗಿ ಆಗಬೇಕು. ಹಾಕಿದ ದುಡ್ಡು ವಾಪಸ್ ಬರಲು ವರ್ಷಗಳು ಬೇಕು. ನಿಲ್ಲಿಸಬೇಕು ಅಂದುಕೊಂಡವರು ಆ ಕೆಲಸಕ್ಕೆ ಕೈ ಹಾಕಲ್ಲ.

ಇದು ಕ್ಯಾನನ್ ಒಂದರದ್ದೇ ಕಥೆ ಅಲ್ಲ. ನಿಕಾನ್ 2011ರ ಸೆಪ್ಟೆಂಬರಿನಲ್ಲಿ ನಿಕಾನ್ 1 ಅಂತ ಪುಟ್ಟ ಮಿರರ್‌ಲೆಸ್ ಸಿಸ್ಟಮ್ ತಂದಿತ್ತು. ಒಂದಿಂಚಿನ ಸೆನ್ಸರ್, ಆ ಕಾಲಕ್ಕೆ ಬೆರಗಾಗುವಷ್ಟು ವೇಗದ ಫೋಕಸ್. 2013ರಲ್ಲಿ ನೀರೊಳಗೆ 15 ಮೀಟರ್‌ವರೆಗೆ ಇಳಿಯಬಲ್ಲ ಎಡಬ್ಲ್ಯು1 ಅನ್ನೂ ಮಾಡಿದರು, ಲೆನ್ಸ್ ಬದಲಾಯಿಸಬಹುದಾದ ಕ್ಯಾಮೆರಾದಲ್ಲಿ! ಆ ಸರಣಿಯ ಕೊನೆಯ ಹೊಸ ಲೆನ್ಸುಗಳು ಪ್ರಕಟವಾದದ್ದು 2014ರಲ್ಲಿ. ಕೊನೆಯ ಬಾಡಿ ಜೆ5 ಬಂದದ್ದು 2015ರಲ್ಲಿ. ನಿಲ್ಲಿಸಿದ್ದೇವೆ ಅಂತ ಬಾಯಿಬಿಟ್ಟು ಹೇಳಿದ್ದು 2018ರಲ್ಲಿ. ಮೊದಲು ಲೆನ್ಸು ನಿಲ್ಲುತ್ತೆ, ಆಮೇಲೆ ಬಾಡಿ, ಎಲ್ಲಕ್ಕಿಂತ ಕೊನೆಗೆ ಮಾತು. ಸ್ಯಾಮ್‌ಸಂಗ್ 2014ರಲ್ಲಿ ಎನ್‌ಎಕ್ಸ್1 ಅನ್ನುವ ಅದ್ಭುತ ಕ್ಯಾಮೆರಾ ಮಾಡಿ, ಸ್ವಲ್ಪ ಸಮಯದಲ್ಲೇ ಸದ್ದಿಲ್ಲದೆ ಈ ವ್ಯಾಪಾರದಿಂದಲೇ ಹೊರಗೆ ಹೋಯ್ತು.

ಕಂಪನಿಗಳ ಕಷ್ಟ ನನಗೆ ಅರ್ಥ ಆಗುತ್ತೆ. ಜಪಾನಿನ ಕ್ಯಾಮೆರಾ ತಯಾರಕರ ಸಂಘ ಸಿಪಾ ಲೆಕ್ಕ ಇಡುತ್ತಲ್ಲ, ಅದರ ಪ್ರಕಾರ 2010ರಲ್ಲಿ ಜಗತ್ತಿಗೆ ಕಳಿಸಿದ ಡಿಜಿಟಲ್ ಕ್ಯಾಮೆರಾಗಳು ಸುಮಾರು 12 ಕೋಟಿ. 2020ರಲ್ಲಿ ಅದು 90 ಲಕ್ಷಕ್ಕಿಂತ ಕಡಿಮೆ. ಎಲ್ಲರ ಜೇಬಿನಲ್ಲೂ ಫೋನ್ ಬಂತು, ಇನ್ನೇನು. ಇಂಥ ಸಮಯದಲ್ಲಿ ಇಎಫ್, ಇಎಫ್-ಎಂ, ಆರ್‌ಎಫ್ ಅಂತ ಮೂರು ಮೂರು ಮೌಂಟುಗಳಿಗೆ ಲೆನ್ಸು ಮಾಡುತ್ತಾ ಕೂರುವುದು ಯಾರಿಗೂ ಆಗದ ಕೆಲಸ. ಆದ್ದರಿಂದ "ನಿಲ್ಲಿಸಿದ್ದೇ ತಪ್ಪು" ಅನ್ನೋ ವಾದ ನನ್ನದಲ್ಲ. ಹುಟ್ಟಿದ ಸಿಸ್ಟಮ್ ಎಲ್ಲ ಒಂದು ದಿನ ನಿಲ್ಲಲೇಬೇಕು.

ನನ್ನ ತಕರಾರು ಇರುವುದು ಮೌನದ ಬಗ್ಗೆ. 2018ರಿಂದ 2023ರವರೆಗೆ ಐದು ವರ್ಷ ಹೊಸ ಲೆನ್ಸು ಇಲ್ಲದೆ ಬಾಡಿ ಮಾರಿದ್ದಾಯ್ತು. ಬೇಡಿಕೆ ಇರುವವರೆಗೂ ಮುಂದುವರೆಸುತ್ತೇವೆ ಅನ್ನುವ ಧಾಟಿಯ ಮಾತು ಬರುತ್ತಿತ್ತೇ ಹೊರತು, "ಈ ಮೌಂಟಿಗೆ ಇನ್ನು ಹೊಸ ಲೆನ್ಸು ಮಾಡುವುದಿಲ್ಲ" ಅಂತ ಒಂದು ಸಾಲು ನೇರವಾಗಿ ಬರಲಿಲ್ಲ. ಬಂದಿದ್ದರೆ ಮಾರಾಟ ಕುಸಿಯುತ್ತಿತ್ತು ಅಂತೀರಾ? ಕುಸಿಯಲಿ. ಗೊತ್ತಿದ್ದೂ ಕೊಳ್ಳುವವನು ಆಗಲೂ ಕೊಳ್ಳುತ್ತಿದ್ದ, ಬೆಲೆ ನೋಡಿ ಕೊಳ್ಳುತ್ತಿದ್ದ. ನನ್ನ ಗೆಳೆಯನಂಥವರು ಮಾತ್ರ ಬಾಡಿ ಒಂದನ್ನು ಕೊಂಡು ಲೆನ್ಸಿನ ದುಡ್ಡು ಉಳಿಸಿಕೊಳ್ಳುತ್ತಿದ್ದರು. ಹಾಲಿನ ಪ್ಯಾಕೆಟ್ಟಿನ ಮೇಲೂ ದಿನಾಂಕ ಇರುತ್ತೆ ಸ್ವಾಮಿ. ಅರ್ಧ ಲಕ್ಷ ಕೊಟ್ಟು ಕೊಳ್ಳುವ ವಸ್ತುವಿನ ಮುಂದಿನ ದಾರಿ ಏನು ಅಂತ ಕೇಳುವುದು ಅತಿಯಾಸೆಯೇ?

ಮರ್ಯಾದೆಯಿಂದ ನಿಲ್ಲಿಸಿದವರೂ ಇದ್ದಾರೆ ಅನ್ನೋದನ್ನೂ ಹೇಳಬೇಕು. ಒಲಿಂಪಸ್‌ಗೆ ಫೋರ್ ಥರ್ಡ್ಸ್ ಅಂತ ಡಿಎಸ್‌ಎಲ್‌ಆರ್ ಸಿಸ್ಟಮ್ ಇತ್ತು. ಅದರಲ್ಲಿ 2010ರ ಇ-5 ನಂತರ ಬಾಡಿ ಬರಲಿಲ್ಲ. ಆದರೆ 2013ರಲ್ಲಿ ತಂದ ಇ-ಎಂ1 ಮಿರರ್‌ಲೆಸ್ ಒಳಗೆ ಹಳೇ ಲೆನ್ಸುಗಳಿಗೆ ಬೇಕಾದ ಫೋಕಸ್ ವ್ಯವಸ್ಥೆಯನ್ನೂ ಇಟ್ಟು, ಅಡಾಪ್ಟರ್ ಹಾಕಿಕೊಂಡು ಇದನ್ನೇ ಬಳಸಿ ಅಂತ ಹಳೇ ಗಿರಾಕಿಗಳಿಗೆ ದಾರಿ ತೋರಿಸಿದರು. ನಿಕಾನ್ ಕೂಡ 2018ರಲ್ಲಿ ಝಡ್ ಸರಣಿ ತಂದ ದಿನವೇ ಹಳೇ ಎಫ್ ಲೆನ್ಸುಗಳಿಗೆ ಎಫ್‌ಟಿಝಡ್ ಅಡಾಪ್ಟರ್ ಪ್ರಕಟಿಸಿತು. ಹಳತನ್ನು ಮುಚ್ಚುವ ಮುಂಚೆ ಸೇತುವೆ ಕಟ್ಟುವುದು ಅಂದರೆ ಇದು. ಎಂ ಬಳಕೆದಾರರಿಗೆ ಆ ಸೇತುವೆ ಸಿಗಲಿಲ್ಲ. ಯಾಕೆ ಅಂತ ಮೇಲೆ ಹೇಳಿದೆನಲ್ಲ, ಆ ಎರಡು ಮಿಲಿಮೀಟರ್. ಸೇತುವೆ ಕಟ್ಟಲು ಆಗದ ಕಡೆ ಬೋರ್ಡನ್ನಾದರೂ ಹಾಕಬೇಕಿತ್ತು, "ಮುಂದೆ ರಸ್ತೆ ಇಲ್ಲ" ಅಂತ.

ಈಗ ಇನ್ನೊಂದು ಗುಂಪಿನ ಕಡೆ ಬರೋಣ. "ಸತ್ತ ಸಿಸ್ಟಮ್" ಅನ್ನೋ ಮಾತಿನ ಬಗ್ಗೆ ನನಗೆ ಅಷ್ಟೇ ಸಿಟ್ಟಿದೆ. 2023ರಲ್ಲಿ ತಯಾರಿಕೆ ನಿಂತ ಮಾರನೇ ಬೆಳಿಗ್ಗೆ ಎಂ50 ತೆಗೆದ ಫೋಟೋ ಕೆಟ್ಟು ಹೋಯ್ತಾ? 24 ಮೆಗಾಪಿಕ್ಸೆಲ್ ಇದ್ದದ್ದು 20 ಆಯ್ತಾ? ಎಂ6 ಮಾರ್ಕ್ 2ರ ಸೆನ್ಸರ್ 32.5 ಮೆಗಾಪಿಕ್ಸೆಲ್, ಮದುವೆ ಆಲ್ಬಮ್ಮಿಗೂ ಅದು ಧಾರಾಳ. ಅದರ ಮೇಲೆ ಸಿಗ್ಮಾದವರು 2019ರಲ್ಲೇ ಎಂ ಮೌಂಟಿಗೆ 16, 30, 56 ಮಿಮೀ ಎಫ್ 1.4 ಲೆನ್ಸುಗಳನ್ನು ತಂದರು. ತಮಾಷೆ ಏನು ಗೊತ್ತಾ? ಅವೇ ಲೆನ್ಸುಗಳು ಆರ್‌ಎಫ್ ಮೌಂಟಿಗೆ ಬರುತ್ತವೆ ಅಂತ ಸುದ್ದಿ ಬಂದದ್ದು 2024ರಲ್ಲಿ, ಕ್ಯಾನನ್ ಒಪ್ಪಿಗೆ ಕೊಟ್ಟ ಮೇಲೆ. ಐದು ವರ್ಷ "ಭವಿಷ್ಯ ಇರುವ" ಮೌಂಟಿನವರಿಗೆ ಇಲ್ಲದ್ದು "ಭವಿಷ್ಯ ಇಲ್ಲದ" ಮೌಂಟಿನವರ ಚೀಲದಲ್ಲಿ ಇತ್ತು.

ಇನ್ನೊಂದು ತಮಾಷೆ ಕೇಳಿ. 1971ರಿಂದ ಕ್ಯಾನನ್‌ಗೆ ಎಫ್‌ಡಿ ಅಂತ ಮೌಂಟ್ ಇತ್ತು, ಫಿಲ್ಮ್ ಕಾಲದ್ದು. 1987ರಲ್ಲಿ ಅದನ್ನು ಬಿಟ್ಟು ಇಎಫ್‌ಗೆ ಹೋದಾಗ ಹಳೇ ಗಿರಾಕಿಗಳು ಉರಿದುಬಿದ್ದಿದ್ದರು. ಎಫ್‌ಡಿಯ ಬಳೆಯಿಂದ ಫಿಲ್ಮಿಗೆ 42 ಮಿಮೀ, ಇಎಫ್‌ನಲ್ಲಿ 44. ನಮ್ಮ ಎಂ ಕಥೆಯ ಹಾಗೇ ಅಲ್ಲೂ ಎರಡು ಮಿಲಿಮೀಟರ್! ಆ ಲೆನ್ಸುಗಳು ಎಷ್ಟೋ ವರ್ಷ ಬೀರುವಿನಲ್ಲಿ ಕೂತಿದ್ದವು. ಆಮೇಲೆ ಮಿರರ್‌ಲೆಸ್ ಬಂದವು, ಬಳೆ ಸೆನ್ಸರಿಗೆ ಹತ್ತಿರ ಆಯ್ತು, 42ರಿಂದ 18ಕ್ಕೆ 24 ಮಿಮೀ ಜಾಗ ಸಿಕ್ಕಿತು, ಮಾಮೂಲಿ ಅಡಾಪ್ಟರ್ ಹಾಕಿ ಕೈಯಲ್ಲೇ ಫೋಕಸ್ ಮಾಡುತ್ತಾ ಜನ ಎಫ್‌ಡಿ ಲೆನ್ಸುಗಳನ್ನು ಮತ್ತೆ ಬಳಸತೊಡಗಿದರು. ನಿಂತುಹೋದ ಮೌಂಟಿನ ಲೆನ್ಸಿಗೆ ಮರುಜೀವ ಕೊಟ್ಟ ಕ್ಯಾಮೆರಾಗಳಲ್ಲಿ ಈಗ ನಿಂತುಹೋಗಿರುವ ಈ ಎಂ ಕೂಡ ಒಂದು. ಹಾಗಾಗಿ "ಸತ್ತಿತು" ಅನ್ನೋ ಪದ ಬಳಸುವಾಗ ಸ್ವಲ್ಪ ನಿಧಾನ.

ಮೊನ್ನೆ ಅಕ್ಕನ ಮಗ ಫೋನ್ ಮಾಡಿದ್ದ. ಡಿಗ್ರಿ ಓದುತ್ತಿದ್ದಾನೆ, ಊರಿನ ಹಬ್ಬ, ಜಾತ್ರೆಗಳ ಬಗ್ಗೆ ವಿಡಿಯೋ ಮಾಡುವ ಆಸೆ. "ಮಾಮ, ಎಂ50 ಕಿಟ್ ಲೆನ್ಸ್ ಜೊತೆ, 22 ಲೆನ್ಸ್ ಜೊತೆ ಒಬ್ರು ಕೊಡ್ತೀನಿ ಅಂತಿದಾರೆ. ತಗೊಳ್ಲಾ ಬೇಡ್ವಾ ಹೇಳಿ" ಅಂದ.

"ಅದರ ಮೇಲೆ ಇನ್ಯಾವ ಲೆನ್ಸ್ ತಗೋಬೇಕು ಅಂತಿದೀಯ?"

"ಸದ್ಯಕ್ಕೆ ಯಾವ್ದೂ ಇಲ್ಲ ಮಾಮ. ದುಡ್ಡೂ ಇಲ್ಲ."

"4ಕೆ ಬೇಕಾ?"

"ಹಂಗೇನಿಲ್ಲ. ನೋಡೋರೆಲ್ಲ ಫೋನಲ್ಲೇ ನೋಡೋದು."

"ಹಂಗಾದ್ರೆ ತಗೋ" ಅಂದೆ. ಎಂ50ಯಲ್ಲಿ 4ಕೆ ಹಾಕಿದರೆ ಚಿತ್ರದ ಅಂಚು ಕತ್ತರಿಸಿ ಹೋಗುತ್ತೆ, ಒಳ್ಳೆಯ ಫೋಕಸ್ ವ್ಯವಸ್ಥೆಯೂ ಕೆಲಸ ಮಾಡಲ್ಲ. ಅದು ಬೇಕಿದ್ದರೆ ಬೇಡ ಅಂತಿದ್ದೆ. ಫುಲ್ ಎಚ್‌ಡಿಯಲ್ಲಿ ಮುಖದ ಮೇಲಿನ ಫೋಕಸ್ ಗಟ್ಟಿಯಾಗಿ ಹಿಡಿಯುತ್ತೆ. ಅವನಿಗೆ ಬೇಕಾದದ್ದೆಲ್ಲ ಆ ಚೀಲದಲ್ಲೇ ಇದೆ. ಅವನು ಕೊಡುವ ದುಡ್ಡು ಚೀಲದಲ್ಲಿರುವ ವಸ್ತುವಿಗೆ ಮಾತ್ರ, ಭವಿಷ್ಯಕ್ಕೆ ಒಂದು ಪೈಸೆಯೂ ಇಲ್ಲ. ಭವಿಷ್ಯ ಇಲ್ಲದ್ದರಿಂದಲೇ ಬೆಲೆ ಇಳಿದಿರೋದು, ಅದರ ಲಾಭ ಅವನಿಗೆ ಸಿಗಲಿ. ಅದೇ ನನ್ನ ಗೆಳೆಯ ಇವತ್ತು ಕೇಳಿದ್ದರೆ ಬೇಡ ಅಂತಿದ್ದೆ. ಅವನದ್ದು ವ್ಯಾಪಾರ. ವರ್ಷಕ್ಕೊಂದು ಲೆನ್ಸು ಸೇರಿಸಬೇಕು, ಕ್ಯಾಮೆರಾ ಕೆಟ್ಟರೆ ಭಾನುವಾರದೊಳಗೆ ಇನ್ನೊಂದು ಸಿಗಬೇಕು. ಅವನಿಗೆ "ಮುಂದೆ" ಬೇಕೇ ಬೇಕು. ಅವನು ಆರ್10 ಅಥವಾ ಆರ್50 ಥರದ್ದನ್ನು ನೋಡುವುದು ಸರಿ, ದುಡ್ಡು ಜಾಸ್ತಿ ಆದರೂ.

ಕ್ಯಾಮೆರಾ ಒಂದೇ ಆದರೂ ಇಬ್ಬರಿಗೆ ಉತ್ತರ ಬೇರೆ. "ಸಿಸ್ಟಮ್ ಸತ್ತಿದೆಯಾ?" ಅಂತ ಕೇಳುವ ಬದಲು "ನನಗೆ ಇನ್ನು ಏನೇನು ಕೊಳ್ಳೋದಿದೆ?" ಅಂತ ಕೇಳಿಕೊಂಡರೆ ಉತ್ತರ ತಾನಾಗಿಯೇ ಸಿಗುತ್ತೆ.

ಈಗಾಗಲೇ ಎಂ ಇಟ್ಟುಕೊಂಡಿರುವವರಿಗೆ, ಕೊಳ್ಳಬೇಕು ಅಂತಿರುವವರಿಗೆ ನಾಲ್ಕು ಮಾತು. ಮೊದಲನೆಯದು, ಹೆದರಿ ಮಾರಬೇಡಿ. ಇಳಿಯಬೇಕಾದಷ್ಟು ಬೆಲೆ ಬಹುಪಾಲು ಇಳಿದಾಗಿದೆ, ನೀವು ಈಗ ಮಾರಿದರೆ ನಷ್ಟ ನಿಮ್ಮದು, ಲಾಭ ನನ್ನ ಅಕ್ಕನ ಮಗನಂಥವರದ್ದು :) ಎರಡನೆಯದು, ಬ್ಯಾಟರಿ ನೋಡಿ. ಎಂ50, ಎಂ100, ಎಂ200 ಇವಕ್ಕೆಲ್ಲ ಎಲ್‌ಪಿ-ಇ12 ಬ್ಯಾಟರಿ. ಎಂ3, ಎಂ5, ಎಂ6, ಎಂ6 ಮಾರ್ಕ್ 2ಕ್ಕೆ ಎಲ್‌ಪಿ-ಇ17. ಇದೇ ಬ್ಯಾಟರಿ ಆರ್10, ಆರ್50ಗೂ ಹಾಕುತ್ತಾರೆ, ಹಾಗಾಗಿ ಇದು ಸಿಗುವ ಚಿಂತೆ ಕಡಿಮೆ. ಇ12 ಇರುವವರು ಒಳ್ಳೆಯದು ಸಿಕ್ಕಾಗ ಒಂದು ಹೆಚ್ಚಿಗೆ ತೆಗೆದಿಟ್ಟುಕೊಳ್ಳಿ.

ಮೂರನೆಯದು, ಲೆನ್ಸು. ಇನ್ನೊಂದು ಬೇಕೇ ಬೇಕು ಅನಿಸಿದರೆ ಎರಡು ದಾರಿ ಇದೆ. ಪುಟ್ಟ ಕ್ಯಾಮೆರಾದ ಪುಟ್ಟ ಸುಖಕ್ಕಾಗಿ ಅನ್ನುವುದಾದರೆ ಸೆಕೆಂಡ್ ಹ್ಯಾಂಡ್ 22 ಅಥವಾ 11-22 ಕೊಳ್ಳಿ, ಅದು ಎಂ ಜೊತೆಗೇ ಇರುತ್ತೆ ಅಂತ ಒಪ್ಪಿಕೊಂಡು ಕೊಳ್ಳಿ. ಮುಂದೆ ಆರ್‌ಗೆ ಹೋಗುವ ಯೋಚನೆ ಇದ್ದರೆ ಹಳೇ ಇಎಫ್ ಲೆನ್ಸು ಕೊಂಡು ಅಡಾಪ್ಟರ್ ಮೂಲಕ ಬಳಸಿ. ಆ ಲೆನ್ಸು ಎರಡೂ ಕಡೆ ನಡೆಯುತ್ತೆ, ಅಡಾಪ್ಟರ್ ಮಾತ್ರ ಬದಲಾಗುತ್ತೆ. ನಾಲ್ಕನೆಯದು, ಸೆಕೆಂಡ್ ಹ್ಯಾಂಡ್ ಕೊಳ್ಳುವಾಗ ಅಲ್ಲೇ ಪರೀಕ್ಷೆ ಮಾಡಿ. ತಿರುಗುವ ಸ್ಕ್ರೀನ್, ಮೆಮೊರಿ ಕಾರ್ಡಿನ ಜಾಗ, ಫ್ಲಾಶ್, ಲೆನ್ಸಿನ ಝೂಮ್ ಎಲ್ಲ ಒಂದೊಂದೇ. ಕೆಟ್ಟರೆ ಬಿಡಿಭಾಗಕ್ಕೆ ವರ್ಷ ಕಳೆದಂತೆಲ್ಲ ಕಷ್ಟ ಜಾಸ್ತಿ ಆಗುತ್ತೆ, ಕಡಿಮೆ ಆಗಲ್ಲ. ರಿಪೇರಿಗೆ ಖರ್ಚು ಮಾಡುವ ಬದಲು ಇನ್ನೊಂದು ಬಾಡಿ ಕೊಳ್ಳುವುದೇ ಅಗ್ಗ ಅನ್ನುವ ದಿನ ಬರುತ್ತೆ ಅಂತ ಲೆಕ್ಕ ಹಾಕಿಕೊಂಡೇ ಬೆಲೆ ಮಾತಾಡಿ.

"ಇಷ್ಟೆಲ್ಲ ಯೋಚನೆ ಯಾಕೆ, ಹೊಸದನ್ನೇ ತಗೊಂಡರೆ ಆಯ್ತಲ್ಲ" ಅನ್ನುವವರಿಗೂ ಒಂದು ಮಾತು. ಇವತ್ತು ಭರಾಟೆಯಲ್ಲಿರುವ ಮೌಂಟುಗಳಿಗೂ ಇದೇ ಪರೀಕ್ಷೆ ಹಾಕಿ ನೋಡಿ. ನಿಮಗೆ ಬೇಕಾದ ಅಳತೆಯ, ನಿಮ್ಮ ಜೇಬಿಗೆ ಹೊಂದುವ ಲೆನ್ಸು ಇವತ್ತು ಅಂಗಡಿಯಲ್ಲಿ ಇದೆಯಾ? ಇದ್ದರೆ ಕೊಳ್ಳಿ. "ಬರುತ್ತೆ ಸಾರ್, ಮುಂದಿನ ವರ್ಷ ಬರುತ್ತೆ" ಅಂದರೆ, ಮುಂದಿನ ವರ್ಷ ಬಂದ ಮೇಲೆ ಕೊಳ್ಳಿ. ಬರಲಿರುವ ಲೆನ್ಸಿನಿಂದ ಇವತ್ತಿನವರೆಗೆ ಯಾರೂ ಒಂದು ಫೋಟೋ ತೆಗೆದಿಲ್ಲ.

ಕಂಪನಿಗಳಿಂದ ನಾನು ಅಪೇಕ್ಷಿಸುವುದು ಒಂದೇ ಸಾಲು: ಈ ಮೌಂಟಿಗೆ ಹೊಸ ಲೆನ್ಸು ಮಾಡುತ್ತೀರಾ ಇಲ್ಲವಾ, ಬಿಡಿಭಾಗ ಎಲ್ಲಿಯವರೆಗೆ ಕೊಡುತ್ತೀರಾ. ಅದನ್ನು ಡಬ್ಬದ ಮೇಲೆ ಬರೆಯಿರಿ. ಅವರು ಬರೆಯುವವರೆಗೆ ನಾವು ನಾವೇ ಲೆನ್ಸು ಎಣಿಸುತ್ತಾ ಇರೋಣ.

ನಿಮ್ಮಲ್ಲಿ ಯಾರ ಹತ್ತಿರ ನಿಕಾನ್ 1, ಸ್ಯಾಮ್‌ಸಂಗ್ ಎನ್‌ಎಕ್ಸ್, ಕ್ಯಾನನ್ ಎಂ ಇನ್ನೂ ಇವೆ? ಬಳಸ್ತಾ ಇದ್ದೀರಾ, ಬೀರುವಿನಲ್ಲಿ ಇಟ್ಟಿದ್ದೀರಾ? ಅಂಗಡಿಯಲ್ಲಿ ನಿಮಗೆ ಏನು ಹೇಳಿ ಮಾರಿದ್ದರು? ಪುರುಸೊತ್ತಿದ್ದಾಗ ಬರೆಯಿರಿ. ನನ್ನ ಲೆಕ್ಕ ಎಲ್ಲಾದರೂ ಹೊಂದಲಿಲ್ಲ ಅನಿಸಿದರೆ ಜಗಳಕ್ಕೂ ಬನ್ನಿ, ಸ್ವಾಗತ :)